ರಾಷ್ಟ್ರವು ತನ್ನ ಪಾಪವನ್ನು ಅರಿಕೆಮಾಡಬಲ್ಲುದೇ?

ಪರ್ವತ ಪ್ರಸಂಗದ ಬೋಧನೆಯು ವ್ಯಕ್ತಿಗಳಿಗೆ ಮಾತ್ರ ಸಲ್ಲುವುದೋ, ರಾಷ್ಟ್ರಗಳ ಪರಸ್ಪರ ಸಂಬಂಧಕ್ಕೂ ಅನ್ವಯಿಸುವುದೋ ಎಂಬುದು ಕ್ರೈಸ್ತ ನೀತಿಶಾಸ್ತ್ರದ ಹಳೆಯ ಪ್ರಶ್ನೆ. ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬರ್ 1932ರಲ್ಲಿ ಪ್ರಕಟಿಸಿದ 'ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ' ಎಂಬ ಗ್ರಂಥದಲ್ಲಿ, ವ್ಯಕ್ತಿಯು ಸ್ವಹಿತವನ್ನು ಬಿಟ್ಟು ನೆರೆಯವನನ್ನು ಪ್ರೀತಿಸಬಲ್ಲನಾದರೂ ಸಮುದಾಯಗಳ ಸ್ವಾರ್ಥವು ಅಷ್ಟು ಸುಲಭವಾಗಿ ಬಾಗುವುದಿಲ್ಲವೆಂದು ವಾದಿಸಿದರು. ಇದರಲ್ಲಿ ಸತ್ಯಾಂಶವಿದೆ. ಆಳುವವನು ತನ್ನ ಕೆನ್ನೆಯನ್ನು ಹೊಡೆತಕ್ಕೆ ಒಡ್ಡಬಹುದು. ತನ್ನ ರಕ್ಷಣೆಯಲ್ಲಿರುವ ಪ್ರಜೆಗಳ ಕೆನ್ನೆಯನ್ನು ಒಡ್ಡುವ ಅಧಿಕಾರ ಅವನಿಗಿಲ್ಲ. ಆದರೆ ಅದೇ ಪ್ರಸಂಗದಲ್ಲಿ ರವೆ ಮತ್ತು ತೊಲೆಯ ಬೋಧನೆಯೂ ಇದೆ (ಮತ್ತಾಯ 7:3–5). ಮೊದಲು ತನ್ನ ತಪ್ಪನ್ನು ಕಾಣಬೇಕೆಂಬ ಈ ಆಜ್ಞೆಯನ್ನು ಪಾಲಿಸುವುದರಿಂದ ಯಾವ ಪ್ರಜೆಯ ರಕ್ಷಣೆಗೂ ಕುಂದು ಬಾರದು. ಆದುದರಿಂದ ಕ್ರಿಸ್ತನ ಬೋಧನೆಯನ್ನು ರಾಷ್ಟ್ರಗಳಿಗೆ ಅನ್ವಯಿಸುವ ಕೆಲಸವು ಇಲ್ಲಿಂದಲೇ ಆರಂಭವಾಗಬೇಕು.

ಸತ್ಯವೇದದಲ್ಲಿ ಇದಕ್ಕೆ ಎರಡು ಆಧಾರಗಳನ್ನು ಗಮನಿಸಬಹುದು. ಪ್ರವಾದಿಯಾದ ಆಮೋಸನು ದಮಸ್ಕದಿಂದ ಮೊದಲ್ಗೊಂಡು ಸುತ್ತಲಿನ ಜನಾಂಗಗಳ ಅಪರಾಧಗಳನ್ನು ಒಂದೊಂದಾಗಿ ಸಾರುತ್ತಾನೆ. ಮೋವಾಬಿನ ಅಪರಾಧವು ಎದೋಮಿನ ಅರಸನ ಎಲುಬುಗಳನ್ನು ಸುಟ್ಟದ್ದು (ಆಮೋಸ 2:1). ಇದರಿಂದ ಇಸ್ರಾಯೇಲಿಗೆ ಯಾವ ಹಾನಿಯೂ ಆಗಿರಲಿಲ್ಲ. ಆದರೂ ದೇವರು ಅದನ್ನು ವಿಚಾರಣೆಗೆ ತರುತ್ತಾನೆ. ಬಳಿಕ ಅದೇ ನ್ಯಾಯತೀರ್ಪು ಯೆಹೂದಕ್ಕೂ ಇಸ್ರಾಯೇಲಿಗೂ ತಿರುಗುತ್ತದೆ. ದೇವಜನರೆಂಬ ಹೆಸರು ಅವರಿಗೆ ವಿನಾಯಿತಿಯನ್ನು ಕೊಡುವುದಿಲ್ಲ. ಎರಡನೆಯದು ನೆಹೆಮೀಯನ ಪ್ರಾರ್ಥನೆ. ಯೆರೂಸಲೇಮ್ ಹಾಳಾದ ಕಾಲದಲ್ಲಿ ಅವನು ಇರಲಿಲ್ಲ. ಆದರೂ ತನ್ನನ್ನೂ ತನ್ನ ಪಿತೃಗಳ ಮನೆಯನ್ನೂ ಸೇರಿಸಿ ಜನಾಂಗದ ಪಾಪವನ್ನು ಅರಿಕೆಮಾಡುತ್ತಾನೆ (ನೆಹೆಮೀಯ 1:6).

ಇಂತಹ ಅರಿಕೆಯು ನಮ್ಮ ಹತ್ತಿರದ ಚರಿತ್ರೆಯಲ್ಲಿಯೂ ನಡೆದಿದೆ. 1945ರ ಅಕ್ಟೋಬರ್‌ನಲ್ಲಿ ಜರ್ಮನಿಯ ಇವ್ಯಾಂಜೆಲಿಕಲ್ ಸಭೆಯ ನಾಯಕರು ಯುದ್ಧದಿಂದ ಹಾಳಾಗಿದ್ದ ಸ್ಟುಟ್‌ಗಾರ್ಟ್‌ನಲ್ಲಿ ಸೇರಿ, ಹೊರದೇಶಗಳ ಸಭಾಪ್ರತಿನಿಧಿಗಳ ಮುಂದೆ ಅಪರಾಧ ಸ್ವೀಕಾರದ ಪ್ರಕಟಣೆಗೆ ಸಹಿಹಾಕಿದರು. ಅನೇಕ ಜನಾಂಗಗಳಿಗೆ ತಮ್ಮಿಂದ ಅಪಾರ ದುಃಖವುಂಟಾಯಿತೆಂದು ಒಪ್ಪಿಕೊಂಡರು. ಸಹಿಹಾಕಿದವರಲ್ಲಿ ಮಾರ್ಟಿನ್ ನೀಮೊಲ್ಲರ್ ಒಬ್ಬರು. 1937ರಿಂದ 1945ರವರೆಗೆ ಹಿಟ್ಲರನ ಸೆರೆಯಲ್ಲಿದ್ದ ಅವರು ತಾನು ನಿರಪರಾಧಿಯೆಂದು ಬೇರೆಯಾಗಿ ನಿಲ್ಲಲಿಲ್ಲ. ಸ್ವದೇಶದಲ್ಲಿ ಅನೇಕರು ಈ ಪ್ರಕಟಣೆಯನ್ನು ಖಂಡಿಸಿದರು. ನಮ್ಮ ನಗರಗಳ ಮೇಲೆ ಬಾಂಬು ಸುರಿಸಿದವರ ಅಪರಾಧದ ಮಾತೆಲ್ಲಿ ಎಂದು ಕೇಳಿದರು. ಪ್ರಕಟಣೆಯಲ್ಲಿ ಕೊರತೆಯೂ ಇತ್ತು. ಯೆಹೂದ್ಯರ ಸಂಹಾರವನ್ನು ಅದು ಹೆಸರಿಸಿ ಹೇಳಲಿಲ್ಲ. ಆದರೂ ಮುರಿದುಹೋಗಿದ್ದ ಸಭೆಗಳ ಅನ್ಯೋನ್ಯತೆಗೆ ಅದು ದಾರಿ ತೆರೆಯಿತು.

ಇಪ್ಪತ್ತು ವರ್ಷಗಳ ತರುವಾಯ, 1965ರ ನವೆಂಬರ್ 18ರಂದು, ಪೋಲೆಂಡಿನ ಕಥೋಲಿಕ ಬಿಷಪರು ಜರ್ಮನಿಯ ಬಿಷಪರಿಗೆ ಪತ್ರ ಬರೆದರು. ಜರ್ಮನರ ಆಕ್ರಮಣದಿಂದ ಲಕ್ಷಾಂತರ ಜನರನ್ನು ಕಳೆದುಕೊಂಡಿದ್ದ ದೇಶದ ಸಭೆಯು ಕ್ಷಮಿಸುತ್ತೇವೆ ಎಂದದ್ದಷ್ಟೇ ಅಲ್ಲದೆ ಕ್ಷಮೆಯನ್ನೂ ಬೇಡಿತು. ಯುದ್ಧಾನಂತರ ಮನೆಮಠ ಕಳೆದುಕೊಂಡು ಹೊರಹಾಕಲ್ಪಟ್ಟ ಜರ್ಮನರ ಸಂಕಟವೂ ಅದರ ಮುಂದಿತ್ತು. ಪೋಲೆಂಡಿನ ಕಮ್ಯುನಿಸ್ಟ್ ಸರಕಾರವು ಬಿಷಪರನ್ನು ದೇಶದ್ರೋಹಿಗಳಂತೆ ಚಿತ್ರಿಸಿತು. ಜರ್ಮನ್ ಬಿಷಪರ ಉತ್ತರವು ಗಡಿಯ ವಿಷಯದಲ್ಲಿ ಅಳುಕಿನದಾಗಿತ್ತು. ಆದರೆ 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ವಿಲ್ಲಿ ಬ್ರಾಂಟ್ ವಾರ್ಸಾದಲ್ಲಿ ಓಡರ್–ನೈಸೆ ಗಡಿಯನ್ನು ಅಂಗೀಕರಿಸುವ ಒಪ್ಪಂದಕ್ಕೆ ಸಹಿಹಾಕಿ, ಯೆಹೂದ್ಯ ಹುತಾತ್ಮರ ಸ್ಮಾರಕದ ಮುಂದೆ ಮೊಣಕಾಲೂರಿದರು. ಇದಕ್ಕೆ ರಾಜಕೀಯ ಕಾರಣಗಳೂ ಇದ್ದವು; ಸಭೆಯ ಪತ್ರವೊಂದೇ ಇದನ್ನು ಸಾಧಿಸಿತೆನ್ನುವುದು ಅತಿಶಯೋಕ್ತಿ. ರಾಜನೀತಿಗೆ ನಡೆಯಲು ಬೇಕಾದ ದಾರಿಯನ್ನು ಹಸನುಗೊಳಿಸುವುದರಲ್ಲಿ ಅದಕ್ಕೆ ಪಾಲಿತ್ತೆನ್ನಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಅರಿಕೆಯು ನ್ಯಾಯದ ಬದಲಿಯಲ್ಲ. ಗಡಿಯ ಅಂಗೀಕಾರವಿಲ್ಲದೆ ಬರಿಯ ಪಶ್ಚಾತ್ತಾಪದ ಮಾತು ಪೋಲೆಂಡಿಗೆ ಸಾಕಾಗುತ್ತಿರಲಿಲ್ಲ. ಎರಡನೆಯದಾಗಿ, ಉಭಯ ಪಕ್ಷಗಳೂ ಕ್ಷಮೆ ಬೇಡಿದ ಮಾತ್ರಕ್ಕೆ ಅಪರಾಧಗಳು ಸಮವಾಗುವುದಿಲ್ಲ. ತೊಲೆ ತೊಲೆಯೇ, ರವೆ ರವೆಯೇ. ತನ್ನ ಕಣ್ಣನ್ನು ಮೊದಲು ಶುದ್ಧಮಾಡಿಕೊಂಡವನಿಗೆ ಆ ಭೇದವು ಇನ್ನಷ್ಟು ಸ್ಪಷ್ಟವಾಗಿ ಕಾಣುವುದೆಂದೇ ಕರ್ತನು ಹೇಳಿದ್ದಾನೆ.

ಸಭಾಪಾಲಕನು ವಿದೇಶಾಂಗ ನೀತಿಯನ್ನು ರೂಪಿಸುವವನಲ್ಲ. ಆದರೆ ಭಾನುವಾರದ ಪಾಪನಿವೇದನೆಯನ್ನು ನಡೆಸುವವನು ಅವನೇ. ನೆರೆಯ ದೇಶದೊಡನೆ ವೈಷಮ್ಯ ಹೆಚ್ಚಿದ ದಿನಗಳಲ್ಲಿ ನಮ್ಮ ಯೋಧರಿಗಾಗಿಯೂ ನಾಡಿನ ರಕ್ಷಣೆಗಾಗಿಯೂ ಪ್ರಾರ್ಥಿಸುತ್ತೇವೆ, ಅದು ಯುಕ್ತವೇ. ಆದರೆ ಆ ಪ್ರಾರ್ಥನೆಯಲ್ಲಿ ಆಚೆಯವರ ಪಾಪ ಮಾತ್ರ ಎಣಿಕೆಯಾಗಿ ನಮ್ಮದು ಬಿಟ್ಟುಹೋದರೆ, ಆಮೋಸನ ಪ್ರವಾದನೆಯನ್ನು ಮೋವಾಬಿನವರೆಗೆ ಓದಿ ಪುಸ್ತಕವನ್ನು ಮುಚ್ಚಿದಂತಾಗುತ್ತದೆ.