ಬೆಕ್ಕಿನ ಮರಿಯ ಬಾಯಾರಿಕೆ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಕೃಷ್ಣದೇವರಾಯ ಮನೆಗೊಂದು ಬೆಕ್ಕನ್ನೂ ಅದರ ಹಾಲಿಗೆಂದು ಒಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣ ಮೊದಲ ದಿನವೇ ಸುಡುಸುಡುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಅದು ಮೂತಿ ಸುಟ್ಟುಕೊಂಡು, ಅಂದಿನಿಂದ ಹಾಲಿನ ಬಟ್ಟಲು ಕಂಡರೆ ಓಟ ಕೀಳತೊಡಗಿತು. ಹಸುವಿನ ಹಾಲು ರಾಮಕೃಷ್ಣನ ಮನೆಯವರಿಗೇ ಉಳಿಯಿತು. ಈ ಕತೆ ಕೇಳಿ ನಾವು ನಗುವುದೇಕೆ? ಹಾಲನ್ನು ಒಲ್ಲೆನೆನ್ನುವ ಬೆಕ್ಕು ಲೋಕದಲ್ಲಿ ಉಂಟೆ ಎಂಬ ನಂಬಿಕೆಯಿಂದ. ನಮ್ಮ ಗಾದೆಗಳಲ್ಲಿಯೂ ಬೆಕ್ಕು ಕಣ್ಣು ಮುಚ್ಚಿಕೊಂಡು ಕುಡಿಯುವುದು ಹಾಲನ್ನೇ ಹೊರತು ನೀರನ್ನಲ್ಲ.

ಈ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಮರಿ ಬಂದೊಡನೆ ಒಂದು ಬಟ್ಟಲು ಹಾಲಿಟ್ಟು, ಅದರ ಹೊಟ್ಟೆಯೂ ತುಂಬಿತು, ಬಾಯಾರಿಕೆಯೂ ಹೋಯಿತು ಎಂದು ನೆಮ್ಮದಿಯಾಗಿರುತ್ತಾರೆ. ನೀರಿಡುವುದು ಯಾರಿಗೂ ನೆನಪಾಗುವುದಿಲ್ಲ. ಎರಡು ದಿನ ಚೆನ್ನಾಗಿ ಆಡಿಕೊಂಡಿದ್ದ ಮರಿ ಮೂರನೆಯ ದಿನ ಭೇದಿಯಾಗಿ ಮೂಲೆ ಹಿಡಿಯುತ್ತದೆ, ಮರುದಿನ ಇಲ್ಲವಾಗುತ್ತದೆ. "ಸೂಕ್ಷ್ಮ ಜೀವ, ನಮಗೆ ದಕ್ಕಲಿಲ್ಲ" ಎಂದು ದೊಡ್ಡವರು ಮಕ್ಕಳನ್ನು ಸಮಾಧಾನಪಡಿಸುತ್ತಾರೆ. ಮರಿಗೆ ಬಂದದ್ದು ಯಾವ ರೋಗವೇ ಇರಲಿ, ಅನೇಕ ವೇಳೆ ಕೊನೆಗೆ ಪ್ರಾಣ ತೆಗೆಯುವುದು ಮೈಯಲ್ಲಿನ ನೀರು ಬತ್ತುವುದು. ಇದನ್ನು ಮನೆಯವರು ಬಹುಮಟ್ಟಿಗೆ ತಪ್ಪಿಸಬಹುದು.

ಮೊದಲು ಒಂದು ಸಣ್ಣ ಲೆಕ್ಕ ನೋಡಿ. ನಾಲ್ಕು ವಾರದ ಮರಿಯ ತೂಕ ಹೆಚ್ಚುಕಡಮೆ 400 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು, ಎಂದರೆ 300 ಗ್ರಾಂನಷ್ಟು, ನೀರೇ. ಮೈತೂಕದ ಹತ್ತರಲ್ಲೊಂದು ಪಾಲಿನಷ್ಟು ನೀರು ಹೋದರೆ ಪ್ರಾಣಕ್ಕೆ ಅಪಾಯ ಎಂದು ವೈದ್ಯರು ಎಣಿಸುತ್ತಾರೆ. ಈ ಮರಿಯ ಪಾಲಿಗೆ ಅದು 40 ಮಿಲಿಲೀಟರು, ಮೂರು ದೊಡ್ಡ ಚಮಚಕ್ಕೂ ಕಡಿಮೆ! ಎರಡು ಮೂರು ಸಲ ನೀರುನೀರಾಗಿ ಭೇದಿಯಾದರೆ ಅಷ್ಟು ಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಮೇಲಾಗಿ, ಎಳೆಯ ಮರಿಯ ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲ. ದೊಡ್ಡ ಬೆಕ್ಕಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅವಕ್ಕಿಲ್ಲ. ಆದುದರಿಂದ ದೊಡ್ಡ ಬೆಕ್ಕು ಎರಡು ದಿನ ತಡೆದುಕೊಳ್ಳುವ ಕಷ್ಟವನ್ನು ಮರಿ ಅರ್ಧ ದಿನವೂ ತಡೆಯಲಾರದು.

ಹಾಗಾದರೆ ಬಾಯಾರಿದಾಗ ಅದೇ ಹೋಗಿ ನೀರು ಕುಡಿಯುವುದಿಲ್ಲವೆ? ನಾಯಿಯಾದರೆ ಕುಡಿದೀತು. ಬೆಕ್ಕಿನ ಜಾತಿಯ ಸ್ವಭಾವವೇ ಬೇರೆ. ಇಂದು ನಮ್ಮ ಮನೆಗಳಲ್ಲಿರುವ ಬೆಕ್ಕು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕಿನ ವಂಶದ್ದು ಎಂಬುದನ್ನು 2007ರಲ್ಲಿ ಪ್ರಕಟವಾದ ವಂಶವಾಹಿ ಪರೀಕ್ಷೆಗಳು ತೋರಿಸಿಕೊಟ್ಟಿವೆ. ಕೆರೆಕಟ್ಟೆಗಳಿಲ್ಲದ ಆ ಸೀಮೆಯಲ್ಲಿ ಬೆಕ್ಕು ನೀರನ್ನು ಹುಡುಕುತ್ತ ಅಲೆಯಲಿಲ್ಲ. ಹಿಡಿದ ಬೇಟೆಯಿಂದಲೇ ನೀರನ್ನು ಪಡೆಯಿತು. ಇಲಿಯ ಮೈಯಲ್ಲಿ ನೂರಕ್ಕೆ ಅರವತ್ತೈದಕ್ಕೂ ಹೆಚ್ಚು ಪಾಲು ನೀರು. ಇಲಿ ತಿಂದರೆ ಊಟವೂ ಆಯಿತು, ನೀರೂ ಆಯಿತು. ಹೀಗಾಗಿ ಬೆಕ್ಕಿಗೆ ಬಾಯಾರಿಕೆಯ ಅರಿವು ಮಂದ. ನಾವು ಅದನ್ನು ಮನೆಯೊಳಗೆ ಕರೆತಂದು, ಇಲಿಯ ಬದಲು ಪೊಟ್ಟಣದ ಒಣ ಆಹಾರವನ್ನು ಹಾಕುತ್ತೇವೆ. ಅದರಲ್ಲಿ ನೀರಿರುವುದು ನೂರಕ್ಕೆ ಹತ್ತು ಪಾಲಿನಷ್ಟು ಮಾತ್ರ. ಊಟ ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ನಾವು.

ಬೆಕ್ಕು ನೀರು ಕುಡಿಯುವ ಬಗೆಯೂ ಒಂದು ಸೋಜಿಗವೇ. ನಾಯಿ ನಾಲಿಗೆಯನ್ನು ಸೌಟಿನಂತೆ ಹಿಂದಕ್ಕೆ ಮಡಿಸಿ ನೀರಿನೊಳಕ್ಕೆ ಅದ್ದುತ್ತದೆ. ಬೆಕ್ಕು ಹಾಗೆ ಮಾಡದು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ವೇಗದ ಕ್ಯಾಮರಾದಿಂದ ಚಿತ್ರ ತೆಗೆದು ಇದನ್ನು ವಿವರಿಸಿದರು. ಬೆಕ್ಕಿನ ನಾಲಿಗೆಯ ತುದಿ ನೀರಿನ ಮೇಲ್ಮೈಯನ್ನು ಬರಿದೇ ಮುಟ್ಟಿ, ಥಟ್ಟನೆ ಮೇಲೇಳುತ್ತದೆ. ಅದಕ್ಕೆ ಅಂಟಿಕೊಂಡು ನೀರಿನದೊಂದು ಸಣ್ಣ ಕಂಬ ಎದ್ದು ಬರುತ್ತದೆ. ಅದು ಕುಸಿದುಬೀಳುವ ಮುನ್ನವೇ ಬೆಕ್ಕು ಬಾಯಿ ಮುಚ್ಚಿಬಿಡುತ್ತದೆ. ದೊಡ್ಡ ಬೆಕ್ಕು ಸೆಕೆಂಡಿಗೆ ಸುಮಾರು ನಾಲ್ಕು ಸಲ ಹೀಗೆ ಮಾಡುತ್ತದೆ. ಒಂದೊಂದು ಸಲಕ್ಕೆ ಬಾಯಿಗೆ ಹೋಗುವುದು ಒಂದೆರಡು ಹನಿ. ಇಷ್ಟು ನಾಜೂಕಿನ ಕೆಲಸವನ್ನು ಮರಿ ಕಲಿಯಲು ಕೆಲವು ದಿನಗಳಾದರೂ ಬೇಕು. ಆಳವಾದ ಪಾತ್ರೆಯಲ್ಲಿ ಮೂಗನ್ನು ಮುಳುಗಿಸಿಕೊಂಡು ಸೀನಿದ ಮರಿ, ಮತ್ತೆ ಅದರ ಹತ್ತಿರ ಹೋಗಲು ಹಿಂಜರಿಯುತ್ತದೆ.

ಹುಟ್ಟಿದ ಮರಿಗೆ ಮೂರು ನಾಲ್ಕು ವಾರದವರೆಗೆ ತಾಯಿಯ ಹಾಲೇ ಅನ್ನ, ಹಾಲೇ ನೀರು. ಬೇರೆ ಏನೂ ಬೇಡ. ಆದರೆ ತಾಯಿಬೆಕ್ಕಿನ ಬಳಿ ನೀರು ಸದಾ ಇರಬೇಕು. ತಾಯಿಯಿಲ್ಲದ ಮರಿಯಾದರೆ, ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ನಗರದ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಕಲಸಿ, ಉಗುರುಬೆಚ್ಚಗೆ ಮಾಡಿ ಕೊಡಬೇಕು. ಇಲ್ಲಿ ಎರಡು ಎಚ್ಚರಿಕೆಗಳುಂಟು. ಮೊದಲನೆಯದು, ಮರಿಯ ಮೈ ತಣ್ಣಗಿದ್ದರೆ ಏನನ್ನೂ ಕುಡಿಸಬಾರದು. ಮೊದಲು ಬಟ್ಟೆಯಲ್ಲಿ ಸುತ್ತಿ, ನಿಧಾನವಾಗಿ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣಗಾದ ಮೈಯಲ್ಲಿ ಹೊಟ್ಟೆ ಕೆಲಸ ಮಾಡುವುದಿಲ್ಲ. ಎರಡನೆಯದು, ಕೂಸಿನಂತೆ ಅಂಗಾತ ಮಲಗಿಸಿಕೊಂಡು ಕುಡಿಸಕೂಡದು. ಹಾಲು ಶ್ವಾಸಕೋಶಕ್ಕೆ ಇಳಿದೀತು. ತಾಯಿಯ ಮೊಲೆಯುಣ್ಣುವಾಗ ಇರುವಂತೆ ಹೊಟ್ಟೆಯ ಮೇಲೆ ಮಲಗಿಸಿ, ತಲೆ ತುಸು ಮೇಲಿರುವಂತೆ ಹಿಡಿದು ಕುಡಿಸಬೇಕು.

ಇನ್ನು ಹಸುವಿನ ಹಾಲಿನ ಮಾತು. ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನಿನ ಅರ್ಧದಷ್ಟೂ ಹಸುವಿನ ಹಾಲಿನಲ್ಲಿಲ್ಲ. ಅದು ಹಾಗಿರಲಿ, ನಿಜವಾದ ತೊಡಕು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸಿನದು. ಅದನ್ನು ಜೀರ್ಣಿಸುವ ಕಿಣ್ವ ಮೊಲೆ ಬಿಟ್ಟ ಮರಿಯಲ್ಲಿ ದಿನದಿನಕ್ಕೆ ಕಡಿಮೆಯಾಗುತ್ತದೆ. ಜೀರ್ಣವಾಗದ ಸಕ್ಕರೆ ಕರುಳಿನಲ್ಲೇ ನಿಂತು, ಮೈಯಲ್ಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಭೇದಿಯಾಗುತ್ತದೆ. ನೀರು ಕೊಡಬೇಕಾದ ಹಾಲು ನೀರನ್ನು ಕಸಿದುಕೊಂಡಂತಾಯಿತು! ಎಲ್ಲ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಹಾಲು ಕುಡಿದೇ ಬೆಳೆದ ಬೆಕ್ಕುಗಳು ನಮ್ಮ ಬೀದಿಗಳಲ್ಲಿ ಬೇಕಾದಷ್ಟಿವೆ. ಆದರೆ ನಿಮ್ಮ ಮರಿ ಯಾವ ಬಗೆಯದೆಂದು ತಿಳಿಯಲು ಅದರ ಪ್ರಾಣವನ್ನೇ ಒತ್ತೆಯಿಡುವುದು ಜಾಣತನವಲ್ಲ.

ನಾಲ್ಕನೆಯ ವಾರದಿಂದ ನೀರನ್ನು ಅಭ್ಯಾಸ ಮಾಡಿಸಿ. ಅಗಲವಾದ, ಆಳವಿಲ್ಲದ, ಮಗುಚಿಕೊಳ್ಳದಷ್ಟು ಭಾರವಾದ ಪಿಂಗಾಣಿಯ ಸಾಸರು ಅಥವಾ ಮಣ್ಣಿನ ತಟ್ಟೆ ಇದಕ್ಕೆ ಸರಿ. ಅದರಲ್ಲಿ ಒಂದು ಬೆರಳಗಲಕ್ಕಿಂತ ಕಡಿಮೆ ನೀರಿರಲಿ. ನಿಮ್ಮ ಬೆರಳನ್ನು ಅದರಲ್ಲಿ ಅದ್ದಿ ಮರಿಯ ತುಟಿಗೆ ಸೋಕಿಸಿ. ಬೆರಳನ್ನು ನೆಕ್ಕುತ್ತ ಅದು ತಾನಾಗಿ ತಟ್ಟೆಗೆ ಬಾಯಿಡುತ್ತದೆ. ಅದರ ಮೂತಿಯನ್ನು ಹಿಡಿದು ನೀರಿಗೆ ಒತ್ತುವುದು ಮಾತ್ರ ಬೇಡ. ಮನೆಯಲ್ಲಿ ಒಂದೇ ಕಡೆ ಇಡುವ ಬದಲು ಎರಡು ಮೂರು ಕಡೆ ಇಡಿ; ಆಟದ ಭರದಲ್ಲಿರುವ ಮರಿಗೆ ನೀರು ಎದುರಿಗೆ ಸಿಕ್ಕಬೇಕು. ಊಟದ ತಟ್ಟೆಯಿಂದಲೂ ಮರಳಿನ ತಟ್ಟೆಯಿಂದಲೂ ತುಸು ದೂರವಿದ್ದರೆ ನೀರು ಕೊಳೆಯಾಗದು. ಬೆಳಿಗ್ಗೆ ಸಂಜೆ ಹಳೆಯ ನೀರನ್ನು ಚೆಲ್ಲಿ, ತಟ್ಟೆ ತೊಳೆದು, ಹೊಸ ನೀರು ಹಾಕಿ. ನಾವು ಕುಡಿಯುವ ನೀರೇ ಮರಿಗೂ ತಕ್ಕದ್ದು.

ಜೊತೆಗೆ ಬಚ್ಚಲಮನೆಯ ಕಡೆಗೂ ಗಮನವಿರಲಿ. ತುಂಬಿದ ಬಕೇಟಿನ ಅಂಚಿಗೆ ಹತ್ತಿದ ಮರಿ ಒಳಗೆ ಬಿದ್ದರೆ ಮೇಲೆ ಬರಲಾರದು, ಬಕೇಟನ್ನು ಮುಚ್ಚಿಡಿ. ಫಿನಾಯಿಲು ಹಾಕಿ ಒರೆಸಿದ ನೆಲದ ನೀರನ್ನು ಮರಿ ನೆಕ್ಕದಂತೆ ನೋಡಿಕೊಳ್ಳಿ. ಅಂಥ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ.

ಎಷ್ಟು ನೀರು ಬೇಕು? ದೊಡ್ಡ ಬೆಕ್ಕಿಗೆ ಮೈತೂಕದ ಕಿಲೋವೊಂದಕ್ಕೆ ದಿನಕ್ಕೆ 50 ಮಿಲಿಲೀಟರಿನ ಆಸುಪಾಸು. ಬೆಳೆಯುವ ಮರಿಗೆ ತೂಕಕ್ಕೆ ಹೋಲಿಸಿದರೆ ಅದಕ್ಕಿಂತ ಹೆಚ್ಚು. ಊಟದಲ್ಲಿರುವ ನೀರೂ ಈ ಲೆಕ್ಕದಲ್ಲಿ ಸೇರಿದೆ. ಇದೇ ನಮಗೆ ದಾರಿ ತೋರಿಸುತ್ತದೆ: ತಟ್ಟೆಯ ನೀರಿಗಿಂತ ಊಟದ ನೀರೇ ಮರಿಯ ಹೊಟ್ಟೆಗೆ ಸುಲಭವಾಗಿ ಸೇರುತ್ತದೆ. ಡಬ್ಬಿಯ ಮೆತ್ತನೆಯ ಆಹಾರದಲ್ಲಿ ನೂರಕ್ಕೆ ಎಪ್ಪತ್ತೈದರಿಂದ ಎಂಬತ್ತು ಪಾಲು ನೀರು. ಒಣ ಆಹಾರವನ್ನೇ ಕೊಡುವುದಾದರೆ ಬೆಚ್ಚನೆಯ ನೀರಿನಲ್ಲಿ ನೆನೆಸಿ ಕೊಡಿ. ನೆನೆಸಿದ್ದನ್ನು ಬೇಸಗೆಯಲ್ಲಿ ಗಂಟೆಗಟ್ಟಲೆ ಬಿಡದೆ ತೆಗೆದುಬಿಡಿ. ಮೀನು, ಕೋಳಿ ಬೇಯಿಸುವ ಮನೆಗಳಲ್ಲಿ ಉಪ್ಪು ಖಾರ ಹಾಕುವ ಮೊದಲೇ ಬೆಂದ ನೀರನ್ನು ಸ್ವಲ್ಪ ತೆಗೆದಿಟ್ಟು, ಆರಿಸಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ. ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಮಾಂಸ ಬೇಯಿಸದ ಮನೆಗಳವರು ಮೊಸರನ್ನವೊಂದರಿಂದಲೇ ಮರಿ ಬೆಳೆದೀತೆಂದು ತಿಳಿಯದೆ, ಮರಿಗಳಿಗಾಗಿ ತಯಾರಾದ ಆಹಾರವನ್ನು ಕೊಂಡು ಕೊಡುವುದು ಒಳ್ಳೆಯದು. ಬೆಕ್ಕು ಮಾಂಸಾಹಾರಿ, ಅದಕ್ಕೆ ಬೇಕಾದ ಟಾರಿನ್ ಎಂಬ ವಸ್ತು ಅನ್ನದಲ್ಲಿಲ್ಲ.

ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದು ತಿಳಿಯುವುದು ಹೇಗೆ? ತುಟಿಯನ್ನೆತ್ತಿ ವಸಡನ್ನು ಮುಟ್ಟಿ ನೋಡಿ. ಆರೋಗ್ಯವಂತ ಮರಿಯ ವಸಡು ಗುಲಾಬಿ ಬಣ್ಣವಾಗಿ, ಒದ್ದೆಯಾಗಿ ಜಾರುತ್ತದೆ. ನೀರು ಕಡಿಮೆಯಾದಾಗ ಒಣಗಿ ಬೆರಳಿಗೆ ಅಂಟುತ್ತದೆ. ವಸಡನ್ನು ಮೆಲ್ಲಗೆ ಒತ್ತಿಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಹೆಗಲಿನ ಮೇಲಿನ ಚರ್ಮವನ್ನು ಎತ್ತಿಬಿಟ್ಟರೆ ತಕ್ಷಣ ಸ್ವಸ್ಥಾನಕ್ಕೆ ಇಳಿಯಬೇಕು. ಆದರೆ ಆರು ವಾರಕ್ಕಿಂತ ಎಳೆಯ ಮರಿಯಲ್ಲಿ ಈ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಎಳೆಯ ಮರಿಯ ಮೂತ್ರ ಬಹುಮಟ್ಟಿಗೆ ಬಣ್ಣವಿಲ್ಲದಂತಿರಬೇಕು. ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ಅರ್ಥ. ಕಣ್ಣು ಗುಳಿಬಿದ್ದು, ಮೈ ತಣ್ಣಗಾಗಿ, ಕರೆದರೂ ಏಳದಿದ್ದರೆ ಅದು ಮನೆಮದ್ದಿನ ಹೊತ್ತಲ್ಲ.

ಭೇದಿ, ವಾಂತಿ ಒಟ್ಟಾಗಿ ಕಂಡರೆ, ಅಥವಾ ಮರಿ ಊಟ ನೀರು ಎರಡನ್ನೂ ಬಿಟ್ಟರೆ, ನಾಳೆ ನೋಡೋಣವೆನ್ನದೆ ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಅದು ಹೊಟ್ಟೆಹುಳುವಿನ ತೊಂದರೆ ಇರಬಹುದು. ಪ್ಯಾನ್‌ಲ್ಯೂಕೋಪೀನಿಯಾ ಎಂಬ ಕೊಲ್ಲುವ ಸಾಂಕ್ರಾಮಿಕವೂ ಇರಬಹುದು. ಎರಡನೆಯದಕ್ಕೆ ಮರಿಗೆ ಆರರಿಂದ ಎಂಟು ವಾರವಾದಾಗಿನಿಂದ ಚುಚ್ಚುಮದ್ದುಂಟು. ವೈದ್ಯರು ಚರ್ಮದ ಕೆಳಗೋ ರಕ್ತನಾಳಕ್ಕೋ ಸಲೈನ್ ಕೊಟ್ಟಾಗ ಬಾಡಿದ ಮರಿ ಕೆಲವೇ ಗಂಟೆಗಳಲ್ಲಿ ತಲೆಯೆತ್ತುವುದುಂಟು. ನೆಪವಾಗುವಷ್ಟು ಸಣ್ಣ ಪ್ರಾಣಿ ಎಂದು ಸಂಕೋಚಪಡಬೇಕಾಗಿಲ್ಲ. ಸರ್ಕಾರದ ಪಶು ಆಸ್ಪತ್ರೆ ಹಸು ಎಮ್ಮೆಗಳಿಗೆ ಮಾತ್ರವಲ್ಲ. ದಾರಿಯಲ್ಲಿ ಮರಿಯನ್ನು ಬೆಚ್ಚಗಿಡಿ. ಸೋತ ಮರಿಯ ಬಾಯಿಗೆ ಬಲವಂತವಾಗಿ ನೀರು ಸುರಿಯಬೇಡಿ. ಜ್ವರವಿದೆಯೆಂದು ಮನೆಯ ಪ್ಯಾರಸಿಟಮಾಲ್ ಗುಳಿಗೆಯ ಚೂರನ್ನಂತೂ ಎಂದೂ ಕೊಡಬೇಡಿ. ಬೆಕ್ಕಿಗೆ ಅದು ವಿಷ.

ಬೇಸಗೆ ಬಂತೆಂದರೆ ಈ ಎಚ್ಚರ ಇಮ್ಮಡಿಯಾಗಬೇಕು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಮರಿಗೆ ನೆರಳಿನ, ಗಾಳಿಯಾಡುವ ಮೂಲೆಯೊಂದನ್ನು ಮಾಡಿಕೊಡಿ.

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳುವುದು ಹೇಗೆಂದರೆ, ಒಂದು ಸುಲಭವಾದ ಉಪಾಯವಿದೆ. ಅಡಿಗೆಮನೆಯ ಸಣ್ಣ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು, ಮರಿಯನ್ನು ದಿನಾ ಒಂದೇ ಹೊತ್ತಿನಲ್ಲಿ ತೂಗಿ, ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಿ. ಬೆಳೆಯುವ ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂನಷ್ಟು ಹೆಚ್ಚುತ್ತ ಹೋಗಬೇಕು. ಒಂದು ದಿನ ತೂಕ ಏರದಿದ್ದರೆ ಗಮನವಿಡಿ. ಇಳಿದರೆ ವೈದ್ಯರನ್ನು ಕಾಣಿ. ಕಣ್ಣಿಗೆ ಕಾಣುವ ಮುನ್ನವೇ ತಕ್ಕಡಿ ಹೇಳಿಬಿಡುತ್ತದೆ. ಈ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಿ. ಮರಿ ಬೇಕೆಂದು ಹಟ ಹಿಡಿದವರು ಅವರೇ ಅಲ್ಲವೆ? ತನ್ನ ಬಾಯಾರಿಕೆಯನ್ನು ಬಾಯಿಬಿಟ್ಟು ಹೇಳಲಾರದ ಜೀವವೊಂದಕ್ಕೆ ಹೊತ್ತುಹೊತ್ತಿಗೆ ನೀರಿಡುವುದನ್ನು ಕಲಿತ ಮಗು, ಮುಂದೆ ಮನುಷ್ಯರ ಕಷ್ಟವನ್ನೂ ಕೇಳದೆಯೇ ಅರಿಯುವುದನ್ನು ಕಲಿತೀತು.