ಬಾಯ್ಕಾಟ್: ಬಹಿಷ್ಕಾರ ಹಾಕಿದವನಲ್ಲ, ಹಾಕಿಸಿಕೊಂಡವನು

ರಸ್ತೆ ಕಾಣದ ಊರಿನವರು ಚುನಾವಣೆ ಬಂದಾಗ ಮತದಾನ ಬಹಿಷ್ಕಾರದ ಬ್ಯಾನರ್ ಕಟ್ಟುತ್ತಾರೆ. ವಿದ್ಯಾರ್ಥಿಗಳು ತರಗತಿ ಬಾಯ್ಕಾಟ್ ಮಾಡುತ್ತಾರೆ. ಸಿನಿಮಾ ಬಿಡುಗಡೆಗೆ ಮುಂಚೆಯೇ ಮೊಬೈಲುಗಳಲ್ಲಿ ಬಾಯ್ಕಾಟ್ ಕೂಗು ಏಳುತ್ತದೆ. ಇಷ್ಟೆಲ್ಲ ಕಡೆ ಓಡಾಡುವ ಈ ಪದ ಮೂಲದಲ್ಲಿ ಒಂದು ಮನೆತನದ ಹೆಸರು. ಅದರ ಸುತ್ತ ಬೆಳೆದ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ನಿರುಪದ್ರವಿ. ಒಂದು ಮಾತ್ರ ಹಾಗಲ್ಲ.

ತಪ್ಪು ಕಲ್ಪನೆ: ಬಾಯ್ಕಾಟ್ ಈ ಬಗೆಯ ಹೋರಾಟ ಕಟ್ಟಿದ ನಾಯಕ.

ವಾಸ್ತವ: ಆತ ಹೋರಾಟಕ್ಕೆ ಗುರಿಯಾದವನು. ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಜಮೀನುದಾರ ಲಾರ್ಡ್ ಅರ್ನ್‌ನ ಪಾರುಪತ್ಯ ನೋಡಿಕೊಳ್ಳುತ್ತಿದ್ದ ಇಂಗ್ಲಿಷಿನವನು ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. ಬೆಳೆ ಕೈಕೊಟ್ಟ ವರ್ಷಗಳವು. 1880ರಲ್ಲಿ ಗೇಣಿದಾರರು ಗೇಣಿಯಲ್ಲಿ ಶೇ 25ರಷ್ಟು ಕಡಿತ ಕೇಳಿದರು. ಸಿಕ್ಕದ್ದು ಶೇ 10. ಕೊಡಲಾಗದವರನ್ನು ಒಕ್ಕಲೆಬ್ಬಿಸಲು ಬಾಯ್ಕಾಟ್ ನೋಟಿಸು ಕಳಿಸಿದ. ಅದಕ್ಕೆ ಕೆಲವೇ ದಿನ ಮುಂಚೆ, ಸೆಪ್ಟೆಂಬರ್ 19ರಂದು, ಎನ್ನಿಸ್ ಊರಿನ ಸಭೆಯಲ್ಲಿ ಗೇಣಿದಾರರ ಹೋರಾಟದ ನಾಯಕ ಚಾರ್ಲ್ಸ್ ಸ್ಟೂವರ್ಟ್ ಪಾರ್ನೆಲ್ ದಾರಿ ತೋರಿಸಿದ್ದರು: ಒಕ್ಕಲೆದ್ದವನ ಹೊಲ ಹಿಡಿದವನನ್ನು ಕೊಲ್ಲಬೇಡಿ, ಮಾತು ಬಿಡಿ, ವ್ಯವಹಾರ ಬಿಡಿ. ಜನ ಅದನ್ನು ಬಾಯ್ಕಾಟ್‌ನ ಮೇಲೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಕಮ್ಮಾರ ಮತ್ತು ಬಟ್ಟೆ ಒಗೆಯುವಾಕೆ ಬರುವುದನ್ನು ನಿಲ್ಲಿಸಿದರು. ಬೆದರಿಕೆಯೂ ಇತ್ತೆಂದು ಆತ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ದೂರಿದ್ದಾನೆ. ಕೊನೆಗೆ ಅಲ್ಸ್ಟರ್ ಕಡೆಯಿಂದ ಸುಮಾರು 50 ಜನ ಬಂದು, ಸೈನ್ಯ ಮತ್ತು ಪೊಲೀಸರ ಕಾವಲಿನಲ್ಲಿ ಬೆಳೆ ಕಿತ್ತರು. ಸುಮಾರು 500 ಪೌಂಡ್ ಬೆಲೆಯ ಬೆಳೆ ಉಳಿಸಲು 10,000 ಪೌಂಡ್ ಖರ್ಚಾಯಿತೆಂಬ ಅಂದಾಜಿದೆ. ಡಿಸೆಂಬರ್ ಹೊತ್ತಿಗೆ ಆತ ಐರ್ಲೆಂಡ್ ಬಿಟ್ಟಿದ್ದ.

ತಪ್ಪು ಕಲ್ಪನೆ: ಪದದ ಮೂಲ ಕ್ರಿಕೆಟಿಗ ಜೆಫ್ರಿ ಬಾಯ್ಕಾಟ್.

ವಾಸ್ತವ: ಅವರು ಹುಟ್ಟಿದ್ದು 1940ರಲ್ಲಿ. ಪದಕ್ಕೆ ಆಗಲೇ 60 ವರ್ಷ. ಹಳ್ಳಿಗರ ಬಾಯಿಗೆ ಒಗ್ಗುವಂಥ ಮಾತು ಹುಡುಕುತ್ತಿದ್ದಾಗ ಪಾದ್ರಿ ಜಾನ್ ಒಮ್ಯಾಲಿ ಆ ಪಾರುಪತ್ಯಗಾರನ ಹೆಸರನ್ನೇ ಸೂಚಿಸಿದರೆಂದು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿದ್ದಾರೆ.

ತಪ್ಪು ಕಲ್ಪನೆ: ಈ ಅಸ್ತ್ರವೂ ಆಗಲೇ ಹುಟ್ಟಿತು.

ವಾಸ್ತವ: ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಬ್ರಿಟನ್ನಿನ ಬಹಳಷ್ಟು ಕುಟುಂಬಗಳು 1791ರಿಂದಲೇ ಬಿಟ್ಟಿದ್ದವು. ಹೆಸರು ತಡವಾಗಿ ಬಂತು, ಅಷ್ಟೆ. ಹೆಸರು ಬಂದ ಮೇಲೆ ಮಾತ್ರ ಅದು ಎಲ್ಲೆಡೆ ಹಬ್ಬಿತು. 1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿ ವಿದೇಶಿ ಬಟ್ಟೆ ಬಿಡಲು ಕರೆ ಹೊರಟಾಗ ನಮ್ಮವರೂ ಇದೇ ಪದ ಹಿಡಿದರು. ಅಮೆರಿಕದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನ 1955ರ ಡಿಸೆಂಬರಿನಿಂದ 381 ದಿನ ಸಿಟಿ ಬಸ್ ಹತ್ತಲಿಲ್ಲ. ಬಹಳ ಜನ ನಡೆದೇ ಕೆಲಸಕ್ಕೆ ಹೋದರು.

ತಪ್ಪು ಕಲ್ಪನೆ: ಬಹಿಷ್ಕಾರ ಯಾರು ಹಾಕಿದರೂ ಒಂದೇ, ಮಾತಾಡದೆ ಇರುವುದು ಅವರವರ ಇಷ್ಟ.

ವಾಸ್ತವ: ನನ್ನನ್ನು ಕಾಡುವುದು ಈ ತಿಳಿವಳಿಕೆ. ಮೇಯೊದ ಗೇಣಿದಾರರು ದೂರ ಸರಿದದ್ದು ತಮ್ಮನ್ನು ಬೀದಿಗೆ ತಳ್ಳಬಲ್ಲವನಿಂದ. ಮಾಂಟ್‌ಗೊಮರಿಯವರು ಬಿಟ್ಟದ್ದು ತಮ್ಮನ್ನು ಅವಮಾನಿಸುವ ಬಸ್ಸನ್ನು. ನಮ್ಮ ಹಳ್ಳಿಗಳಲ್ಲಿ ದಲಿತರ ಕೇರಿಗೆ ಕಿರಾಣಿ ಕೊಡಬೇಡಿ, ಕೂಲಿಗೆ ಕರೆಯಬೇಡಿ, ಕ್ಷೌರ ಮಾಡಬೇಡಿ ಎಂದು ಉಳ್ಳವರು ಕಟ್ಟಪ್ಪಣೆ ಮಾಡುವಾಗ ಹೆಸರು ಅದೇ ಬಹಿಷ್ಕಾರ, ಕೆಲಸ ಮಾತ್ರ ಪೂರ್ತಿ ಉಲ್ಟಾ. ಅಲ್ಲಿ ಅನ್ನ ಕಳೆದುಕೊಳ್ಳುವವರು ಬಡವರು. ಅಂಬೇಡ್ಕರ್ 1927ರಲ್ಲಿ ಆರಂಭಿಸಿದ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂದು ಹೆಸರಿಟ್ಟದ್ದು ಈ ಬಹಿಷ್ಕಾರ ಉಂಡವರ ಪರವಾಗಿ. ಕಾನೂನೂ ಇದನ್ನು ಅವರವರ ಇಷ್ಟವೆಂದು ಬಿಟ್ಟಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದಿರಲಿ, ಹಾಕುತ್ತೇವೆಂದು ಬೆದರಿಸಿದರೂ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ.