ಬಟ್ಟೆಯ ಅಂಚನ್ನು ಕಾಯುವ ಅಂಕುಡೊಂಕು ಹೊಲಿಗೆ

ಕೈಮಗ್ಗದಿಂದ ಇಳಿದ ಬಟ್ಟೆಯ ನಾಲ್ಕು ಮಗ್ಗುಲುಗಳೂ ಒಂದೇ ತೆರನಾಗಿರುವುದಿಲ್ಲ. ಉದ್ದದ ಅಂಚುಗಳಲ್ಲಿ ಹೊಕ್ಕಿನ ನೂಲು ಹಾಸಿನ ಕಡೆಯ ಎಳೆಯನ್ನು ಬಳಸಿ ಹಿಂದಿರುಗುವುದರಿಂದ ಅವು ಎಷ್ಟು ಸಲ ಒಗೆದರೂ ಬಿಚ್ಚುವುದಿಲ್ಲ. ಕತ್ತರಿಯ ಬಾಯಿಗೆ ಸಿಕ್ಕಿದ ಮಗ್ಗುಲಿಗೆ ಈ ಕಾವಲಿಲ್ಲ. ಅಲ್ಲಿಯ ಕಡೆಯ ಎಳೆಯನ್ನು ಹಿಡಿದಿಡುವ ಆಸರೆಯಿಲ್ಲದೆ ಅದು ಜಾರುತ್ತದೆ. ಅದು ಜಾರಿದ ಮೇಲೆ ಅದರ ನೆರೆಯ ಎಳೆ. ಹೀಗೆ ಒಂದೊಂದೇ ಎಳೆ ಹೋಗಿ ಕಡೆಗೆ ಹೊಲಿಗೆಯೇ ಬಾಯಿ ಬಿಡುತ್ತದೆ. ಈ ನಷ್ಟವನ್ನು ತಡೆಯಲು ಹೊಲಿಗೆ ಯಂತ್ರದಲ್ಲಿರುವ ಸುಲಭೋಪಾಯವೇ ಜಿಗ್‌ಜಾಗ್, ಎಂದರೆ ಅಂಕುಡೊಂಕು ಹೊಲಿಗೆ. ಮನೆಯ ಯಂತ್ರದಲ್ಲಿ ಅದನ್ನು ಹಾಕುವ ಕ್ರಮವನ್ನು ನಮ್ಮ ವಿದ್ಯಾರ್ಥಿನಿಯರಿಗೂ ಅವರ ತಾಯಂದಿರಿಗೂ ಇಲ್ಲಿ ತಿಳಿಸಲಿಚ್ಛಿಸುವೆವು.

ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಇದು ಬರಿಯ ಅಲಂಕಾರದ ಮಾತಲ್ಲ. ಇಳಕಲ್ಲಿನ ಸೀರೆಯೂ ಗುಳೇದಗುಡ್ಡದ ಖಣವೂ ನಮ್ಮ ಮನೆಗಳ ಉಡುಗೆ. ಈ ಎರಡು ಊರುಗಳೂ 1997ರಲ್ಲಿ ಬಾಗಲಕೋಟೆ ಪ್ರತ್ಯೇಕವಾಗುವವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದವು. ಖಣದ ಕುಪ್ಪಸವನ್ನು ಹೊಲಿಯುವಾಗ, ಬೆಳೆಯುವ ಹುಡುಗಿಗೆ ಮುಂದೆ ಸಡಿಲಿಸಿ ಕೊಡಬೇಕೆಂದು ತಿಳಿದ ತಾಯಿಯು ಮಗ್ಗುಲಿನ ಒಳಗೆ ಒಂದಿಷ್ಟು ಬಟ್ಟೆಯನ್ನು ಉಳಿಸಿರುವಳು. ಆ ಬಟ್ಟೆಯೇ ಮನೆಯ ಉಳಿತಾಯ. ನುಣುಪಾದ ನೂಲು ಒಳಗೊಳಗೇ ಬಿಚ್ಚಿಹೋದರೆ, ಸಡಿಲಿಸಬೇಕಾದ ದಿನ ಅಲ್ಲಿ ಎಳೆಗಳ ಗೊಂಚಲಲ್ಲದೆ ಬಟ್ಟೆಯಿರುವುದಿಲ್ಲ. ಅಂದವಾಗಿ ಹೊಲಿದ ಕುಪ್ಪಸವೂ ಆಗ ವ್ಯರ್ಥವೇ ಸರಿ.

ಈ ಹೊಲಿಗೆಯ ಚರಿತ್ರೆಯನ್ನು ಸ್ವಲ್ಪದರಲ್ಲಿ ಹೇಳುವೆವು. ಅಮೇರಿಕದ ಎಲಿಯಾಸ್ ಹೋವ್ ಎಂಬವನು ತನ್ನ ಹೊಲಿಗೆ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರ ಪಡೆದನು. ಆ ಕಾಲದ ಯಂತ್ರಗಳು ನೆಟ್ಟಗೆ ಮಾತ್ರ ಹೊಲಿಯುತ್ತಿದ್ದವು. 1873ರಲ್ಲಿ ಅಂಕುಡೊಂಕು ಹೊಲಿಗೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದವಳು ಹೆಲೆನ್ ಬ್ಲಾಂಚರ್ಡ್ ಎಂಬ ಸ್ತ್ರೀ ಎಂಬುದು ನಮ್ಮ ಹುಡುಗಿಯರು ನೆನಪಿಡತಕ್ಕ ಸಂಗತಿ. ಮೊದಲು ಕಾರ್ಖಾನೆಗಳಲ್ಲಿ ನೆಲೆಸಿದ ಈ ಹೊಲಿಗೆಯು ಮನೆಯ ಯಂತ್ರಗಳಿಗೆ ಬರಲು ಬಹುಕಾಲ ಹಿಡಿಯಿತು. ಈಗ ಬಟ್ಟೆಯಂಗಡಿಗಳ ಬೀದಿಯಲ್ಲಿ "ಫಾಲ್, ಜಿಗ್‌ಜಾಗ್" ಎಂಬ ಹಲಗೆಗಳನ್ನು ಎಲ್ಲರೂ ಕಂಡಿರುವರು.

ಇದು ಕೆಲಸ ಮಾಡುವ ರೀತಿ ಹೀಗಿದೆ. ನೇರ ಹೊಲಿಗೆಯಲ್ಲಿ ಸೂಜಿಯು ಮೇಲೆ ಕೆಳಗೆ ಮಾತ್ರ ಆಡುತ್ತದೆ. ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದಕ್ಕೊಂದು ಕೊಂಡಿಯಾಗುತ್ತವೆ. ಜಿಗ್‌ಜಾಗ್‌ನಲ್ಲಿ ಸೂಜಿಯು ಒಂದು ಸಲ ಎಡಕ್ಕೆ, ಮರುಸಲ ಬಲಕ್ಕೆ ಬಾಗಿ ಇಳಿಯುತ್ತದೆ. ಅಷ್ಟರಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ಸರಿಸುತ್ತವೆ. ಎಡದ ಚುಚ್ಚು ಅಂಚಿನಿಂದ ಕೆಲವು ಎಳೆಗಳಷ್ಟು ಒಳಗೆ ಬಿದ್ದು, ಬಲದ ಚುಚ್ಚು ಅಂಚಿನ ಹೊರಗೆ ಬಿದ್ದರೆ, ಜಾರಬಯಸುವ ಎಳೆಗಳೆಲ್ಲ ದಾರದ ಬೇಲಿಯೊಳಗೆ ಸೇರಿಕೊಳ್ಳುತ್ತವೆ. ನೇಕಾರನು ಅಂಚಿಗೆ ಕೊಟ್ಟ ಕಾವಲನ್ನೇ ನಾವು ಕತ್ತರಿಸಿದ ಮಗ್ಗುಲಿಗೆ ಕೊಟ್ಟಂತಾಗುತ್ತದೆ.

ಓರೆಯಾಗಿ ಹೋಗುವುದರಿಂದ ಇದಕ್ಕೆ ದಾರ ಹೆಚ್ಚು ಬೇಕು. ಗಣಿತ ಕಲಿತ ಹುಡುಗಿಯರು ಲೆಕ್ಕ ಮಾಡಿ ನೋಡಲಿ. ಅಗಲ 4 ಮಿಲಿಮೀಟರ್, ಒಂದೊಂದು ಚುಚ್ಚಿಗೆ ಬಟ್ಟೆ ಸರಿಯುವುದು 2 ಮಿಲಿಮೀಟರ್ ಆದರೆ, ಲಂಬಕೋನ ತ್ರಿಭುಜದ ಕರ್ಣವು ಸುಮಾರು 4.5 ಮಿಲಿಮೀಟರ್. ಎಂದರೆ ನೇರ ಹೊಲಿಗೆಗಿಂತ ಎರಡು ಪಾಲಿಗೂ ಮಿಕ್ಕಿ ದಾರ ಹಿಡಿಯುವುದು. ಸುಮಾರು 115 ಸೆಂಟಿಮೀಟರ್ ಪನ್ನದ ಸೀರೆಯ ಒಂದು ಕೊನೆಗೆ ಮೇಲೆ ಎರಡೂವರೆ ಮೀಟರಿಗೂ ಹೆಚ್ಚು, ಕೆಳಗೂ ಸರಿಸುಮಾರು ಅಷ್ಟೇ. ಆದುದರಿಂದ ಕೆಲಸಕ್ಕೆ ಕೂಡುವ ಮೊದಲು ಬಾಬಿನ್ನನ್ನು ತುಂಬಿಸಿಕೊಳ್ಳತಕ್ಕದ್ದು. ನಡುವೆ ದಾರ ಮುಗಿದರೆ ಜೋಡಣೆಯ ಗುರುತು ಉಳಿಯುತ್ತದೆ.

ಇನ್ನು ಸಿದ್ಧತೆ. ಮೊದಲನೆಯದಾಗಿ ಸೂಜಿ. ತೆಳುವಾದ ರೇಶಿಮೆಗೆ 11ನೆಯ ನಂಬರು, ಸಾಧಾರಣ ಹತ್ತಿಬಟ್ಟೆಗೆ 14, ದಪ್ಪ ಬಟ್ಟೆಗೆ 16 ಹೊಂದುವುದು. ಮೊಂಡಾದ ಸೂಜಿ ರೇಶಿಮೆಯ ಎಳೆಯನ್ನು ಹರಿಯುತ್ತದೆ. ಎರಡನೆಯದಾಗಿ, ಬಟ್ಟೆಯನ್ನು ಒತ್ತುವ ಪಾದ. ನೇರ ಹೊಲಿಗೆಯ ಪಾದದಲ್ಲಿ ಕಿರಿದಾದ ಒಂದೇ ತೂತು ಇರುವುದುಂಟು. ಅದನ್ನು ಬದಲಿಸದೆ ಜಿಗ್‌ಜಾಗ್ ಹಾಕಿದರೆ ಸೂಜಿಯು ಕಬ್ಬಿಣಕ್ಕೆ ಬಡಿದು ಮುರಿಯುವುದು. ಅದರ ಚೂರು ಕಣ್ಣಿಗೂ ಅಪಾಯ. ಅಗಲ ಬಾಯಿಯ ಪಾದವನ್ನೂ ಕೆಳಗೆ ಅಗಲ ಸೀಳುಳ್ಳ ತಗಡನ್ನೂ ಹಾಕಿ, ಗಾಲಿಯನ್ನು ಕೈಯಿಂದಲೇ ನಮ್ಮ ಕಡೆಗೆ ಒಂದೆರಡು ಸುತ್ತು ತಿರುಗಿಸಿ, ಸೂಜಿಯು ಎಡಬಲಗಳಲ್ಲಿ ಎಲ್ಲಿಯೂ ತಗಲುವುದಿಲ್ಲವೆಂದು ನೋಡಿಕೊಂಡ ಮೇಲೆಯೇ ವೇಗವಾಗಿ ನಡೆಸಬೇಕು. ಸೂಜಿಯು ಬಟ್ಟೆಯೊಳಗೆ ಇಳಿದಿರುವಾಗ ಅಗಲದ ಗುಂಡಿಯನ್ನು ಎಂದಿಗೂ ತಿರುಗಿಸಬಾರದು.

ಯಂತ್ರದಲ್ಲಿ ಎರಡು ಅಳತೆಗಳಿವೆ: ಒಂದು ಅಗಲ, ಇನ್ನೊಂದು ಉದ್ದ. ಹತ್ತಿಬಟ್ಟೆಯ ಮಗ್ಗುಲಿಗೆ ಅಗಲ 3ರಿಂದ 4, ಉದ್ದ 2. ಸೀರೆಯ ಕೊನೆಗೆ ಅಗಲ 3, ಉದ್ದ 1ರಿಂದ 1.5, ಕಾಜಕ್ಕೂ ಹೂವಿನ ತುಂಬುಹೊಲಿಗೆಗೂ ಉದ್ದ ಅರ್ಧಕ್ಕಿಂತ ಕಡಿಮೆ. ಇವು ಆರಂಭದ ಅಳತೆಗಳು. ಪ್ರತಿಯೊಂದು ಬಟ್ಟೆಯೂ ತನ್ನದೇ ಅಳತೆಯನ್ನು ಕೇಳುವುದರಿಂದ, ಮೊದಲು ಅದೇ ಬಟ್ಟೆಯ ತುಣುಕಿನ ಮೇಲೆ ಹೊಲಿದು ನೋಡತಕ್ಕದ್ದು. ಆ ತುಣುಕುಗಳನ್ನು ಒಂದು ವಹಿಯಲ್ಲಿ ಅಂಟಿಸಿ, ಪಕ್ಕದಲ್ಲಿ ಸೂಜಿಯ ನಂಬರನ್ನೂ ಅಗಲ ಉದ್ದಗಳನ್ನೂ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ಪಾಠಪುಸ್ತಕವಿಲ್ಲ.

ಹೊಲಿಯುವಾಗ ಬಟ್ಟೆಯನ್ನು ಎಳೆಯಬಾರದು. ದಾರಿ ತೋರಿಸಬೇಕು ಅಷ್ಟೇ. ಕಂಕುಳಿನ ಸುತ್ತಿನಂಥ ಓರೆ ಭಾಗವನ್ನು ಎಳೆದರೆ ಅದು ಅಲೆಯಲೆಯಾಗುವುದು. ತೆಳು ಬಟ್ಟೆಯ ಅಂಚು ಸುರುಳಿಯಾಗಿ ಒಳಗೆ ಸೇರುವುದಾದರೆ ಎರಡು ಉಪಾಯಗಳುಂಟು: ಅಡಿಯಲ್ಲಿ ಬಿಳಿಯ ತೆಳು ಕಾಗದವನ್ನಿಟ್ಟು ಹೊಲಿದು ಆಮೇಲೆ ಹರಿದು ತೆಗೆಯುವುದು, ಇಲ್ಲವೆ ಅಂಚಿನಿಂದ ಸ್ವಲ್ಪ ಒಳಗೆ ಹೊಲಿದು, ದಾರಕ್ಕೆ ತಗಲದಂತೆ ಹೊರಗಿನ ಬಟ್ಟೆಯನ್ನು ಕತ್ತರಿಸುವುದು. ಅಚ್ಚಿನ ಮಸಿ ಹತ್ತುವುದರಿಂದ ವೃತ್ತಪತ್ರಿಕೆಯನ್ನು ಇಡಬಾರದು.

ದೋಷಗಳು ತಾವೇ ತಮ್ಮ ಕಾರಣವನ್ನು ಹೇಳುತ್ತವೆ. ಬಟ್ಟೆಯು ನಡುವೆ ಉಬ್ಬಿ ಕೊಳವೆಯಂತಾದರೆ ಮೇಲಿನ ದಾರ ಬಿಗಿಯಾಗಿದೆ, ಇಲ್ಲವೆ ಅಗಲ ಹೆಚ್ಚಾಗಿದೆ. ಬಾಬಿನ್ನಿನ ದಾರ ಮೇಲೆ ಕಾಣಿಸಿದರೂ ಮೇಲಿನ ಬಿಗುವನ್ನು ಸಡಿಲಿಸಬೇಕು. ಕೆಳಗೆ ದಾರವು ಗಂಟುಗಂಟಾದರೆ ಮೇಲಿನ ದಾರವನ್ನು ತೆಗೆದು ಮೊದಲಿನಿಂದ ಕ್ರಮವಾಗಿ ಪೋಣಿಸಬೇಕು. ಹೊಲಿಗೆ ತಪ್ಪಿ ತಪ್ಪಿ ಬಿದ್ದರೆ ಸೂಜಿಯನ್ನು ಬದಲಿಸಿ. ಆ ಮೇಲೂ ಒಂದೇ ಮಗ್ಗುಲಲ್ಲಿ ತಪ್ಪುತ್ತಿದ್ದರೆ ಅದು ಯಂತ್ರದ ಒಳಗಿನ ಹೊಂದಾಣಿಕೆಯ ದೋಷ, ರಿಪೇರಿಯವನ ಕೆಲಸ.

ಈ ಹೊಲಿಗೆಯ ಉಪಯೋಗಗಳು ಇನ್ನೂ ಹಲವು. ಬನಿಯನ್ನಿನಂಥ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಮೈಗೆ ತೊಡುವಾಗಲೇ ದಾರ ಪಟಕ್ಕನೆ ಹರಿಯುವುದು. ಕಿರಿದಾದ ಜಿಗ್‌ಜಾಗ್ ಬಟ್ಟೆಯೊಡನೆ ಹಿಗ್ಗಿ ಕುಗ್ಗುವುದು. ಹರಿದ ಪರಕಾರಕ್ಕೆ ತೇಪೆ ಹಾಕಲೂ ಇಲಾಸ್ಟಿಕ್ ಜೋಡಿಸಲೂ ಇದು ಉತ್ತಮ. ಆದರೆ ಇದರ ಮಿತಿಯನ್ನೂ ಅರಿತಿರಬೇಕು. ಎರಡು ತುಂಡುಗಳನ್ನು ಜೋಡಿಸುವ ಮಗ್ಗುಲಿಗೆ ಮೊದಲು ನೇರ ಹೊಲಿಗೆ ಹಾಕಿಯೇ ಆಮೇಲೆ ಅಂಚಿಗೆ ಜಿಗ್‌ಜಾಗ್ ಹಾಕತಕ್ಕದ್ದು. ಮಗ್ಗದ ಬಟ್ಟೆಯಲ್ಲಿ ಜಿಗ್‌ಜಾಗ್ ಒಂದನ್ನೇ ನಂಬಿದರೆ ಎಳೆದಾಗ ಜೋಡಣೆ ಬಿರಿದು ದಾರ ಹೊರಗೆ ಕಾಣುವುದು.

ಅನೇಕ ಮನೆಗಳಲ್ಲಿರುವುದು ನೇರ ಹೊಲಿಗೆಯ ಹಳೆಯ ಕಪ್ಪು ಯಂತ್ರ. ಅವರು ನಿರಾಶರಾಗಬೇಕಿಲ್ಲ. ಪಾದದ ಸ್ಥಾನದಲ್ಲಿ ಕೂಡಿಸುವ ಜಿಗ್‌ಜಾಗ್ ಅಟ್ಯಾಚ್‌ಮೆಂಟ್ ಎಂಬ ಉಪಕರಣವುಂಟು. ಅಲ್ಲಿ ಸೂಜಿಯ ಬದಲು ಬಟ್ಟೆಯೇ ಎಡಬಲಕ್ಕೆ ಸರಿಯುವುದು. ಅದೂ ಇಲ್ಲದಿದ್ದರೆ ಮಗ್ಗುಲನ್ನು ಮಡಿಚಿ ಎರಡು ಸಲ ಹೊಲಿಯಬಹುದು, ಅಥವಾ ಕೈಸೂಜಿಯಿಂದ ಅಂಚನ್ನು ಸುತ್ತಿ ಹೊಲಿಯಬಹುದು. ಹೊತ್ತು ಹೆಚ್ಚು ಹಿಡಿದರೂ ಕಾವಲು ಕಡಿಮೆಯೇನಲ್ಲ.

ಕನಮಡಿಯಂಥ ಗಡಿಯ ಗ್ರಾಮದಲ್ಲಿ ಹೊಲದ ಕೆಲಸವೂ ದ್ರಾಕ್ಷಿತೋಟದ ಕೆಲಸವೂ ಋತುಮಾನವನ್ನು ಅನುಸರಿಸುತ್ತವೆ. ಸೀರೆಗಳು ಮಾತ್ರ ವರುಷವಿಡೀ ಮನೆಗೆ ಬರುತ್ತಲೇ ಇರುತ್ತವೆ. ಒಂದು ಸೀರೆಯ ಕೊನೆಗೆ ಜಿಗ್‌ಜಾಗ್ ಹಾಕಿಸಲು ತಿಕೋಟೆಗೋ ವಿಜಯಪುರಕ್ಕೋ ಬಸ್ಸು ಹತ್ತುವ ಬದಲು ಅದು ಊರಲ್ಲಿಯೇ ಆಗುವುದಾದರೆ, ಹೊಲಿಸುವವಳಿಗೆ ಪ್ರಯಾಣದ ವೆಚ್ಚ ಉಳಿಯುವುದು, ಹೊಲಿಯುವವಳಿಗೆ ಸಂಪಾದನೆ ಆಗುವುದು. ಆದರೆ ಈ ಸಂಪಾದನೆಯು ನಿಂತಿರುವುದು ನಂಬಿಕೆಯ ಮೇಲೆ. ಹೊಲಿದು ಕೊಟ್ಟ ದಿನ ಕುಪ್ಪಸದ ಹೊರಮೈಯನ್ನು ಎಲ್ಲರೂ ನೋಡುವರು. ಒಳಗಿನ ಅಂಚನ್ನು ಯಾರೂ ನೋಡರು. ಹತ್ತು ಸಲ ಒಗೆದ ಮೇಲೆ ಆ ಅಂಚೇ ಹೊಲಿದವಳ ಗುಣವನ್ನು ಹೇಳುತ್ತದೆ. ನಮ್ಮ ಶಾಲೆಯಿಂದ ಹೊರಡುವ ಹೆಣ್ಣುಮಕ್ಕಳು ಒಳಗಿನ ಅಂಚನ್ನೂ ಹೊರಮೈಯಷ್ಟೇ ಶ್ರದ್ಧೆಯಿಂದ ಹೊಲಿಯುವರೆಂದು ಹಾರೈಸುವೆವು.